ನ್ಯೊಕ್ಕಿ ಯಾಕೆ ಅಂಟತ್ತೆ, ಯಾಕೆ ಕರಗತ್ತೆ? ಓದುಗರ ಪ್ರಶ್ನೆಗೆ ಅಡುಗೆಮನೆ ಉತ್ತರ

ಹೋದ ಸಂಚಿಕೇಲಿ ಇಟಲಿಯವರ ಆಲೂಗಡ್ಡೆ ನ್ಯೊಕ್ಕಿ ಬಗ್ಗೆ ಅರ್ಧ ಪುಟ ಬರೆದಿದ್ದೆ. ಓದದೇ ಇರೋರಿಗೆ ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ: 1 ಕೆಜಿ ಆಲೂಗಡ್ಡೆ ಬೇಯ್ಸಿ, ಸಿಪ್ಪೆ ತೆಗೆದು ನುಣ್ಣಗೆ ಒತ್ತಿ, 250 ಗ್ರಾಂ ಮೈದಾ, ಒಂದು ಚಮಚ ಉಪ್ಪು ಸೇರ್ಸಿ ಒಟ್ಟು ಮಾಡಿ, ಬೆರಳು ದಪ್ಪಕ್ಕೆ ಹೊಸೆದು, 2 ಸೆಂಟಿಮೀಟರ್ ತುಂಡು ಮಾಡಿ, ಉಪ್ಪು ಹಾಕಿದ ನೀರಲ್ಲಿ ಬೇಯ್ಸಿ, ತೇಲಿ ಬಂದ್ಮೇಲೆ ತೆಗೆದು ಸಾಸ್‌ಗೆ ಹಾಕೋದು. ಇಷ್ಟೇ ಬರೆದಿದ್ದು. ಅದಕ್ಕೆ ಬಂದಿರೋ ಪತ್ರ, ಮೇಲ್, ವಾಯ್ಸ್ ಮೆಸೇಜ್ ನೋಡಿದ್ರೆ (ವಾಯ್ಸ್ ಮೆಸೇಜ್ ಕಳ್ಸೋರು ದಯವಿಟ್ಟು ಹಿಂದ್ಗಡೆ ಮಿಕ್ಸಿ ಆಫ್ ಮಾಡಿ ಮಾತಾಡ್ರಪ್ಪ) ಸುಮಾರು ಜನ ಮಾಡಿ ನೋಡಿದೀರ, ಸುಮಾರು ಜನಕ್ಕೆ ಕೈಕೊಟ್ಟಿದೆ. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ ಇಟ್ಟುಬಿಟ್ಟಿದೀನಿ.

ಪ್ರಶ್ನೆ: ಅಕ್ಕಾ, ನೀವು 250 ಗ್ರಾಂ ಮೈದಾ ಅಂದ್ರಿ. ನಾನು ಹಾಕ್ತಾ ಹಾಕ್ತಾ ಅರ್ಧ ಕೆಜಿ ಹಾಕಿದ್ರೂ ಕೈಗೆ ಅಂಟೋದು ನಿಲ್ಲಲಿಲ್ಲ. ಕೊನೆಗೆ ಹೇಗೋ ಬೇಯ್ಸಿದ್ರೆ ರಬ್ಬರ್ ಆಯ್ತು, ಮಕ್ಕಳು ಪ್ಲೇಟ್ ಪಕ್ಕಕ್ಕೆ ತಳ್ಳಿದ್ರು. ಅಳತೆ ತಪ್ಪು ಪ್ರಿಂಟ್ ಆಗಿದ್ಯಾ?
ರಾಜಾಜಿನಗರದ ಓದುಗರು, ಬೆಂಗಳೂರು

ಉತ್ತರ: ಅಳತೆ ಸರಿಯಾಗೇ ಇದೆ ಕಣಮ್ಮ, ನಿಮ್ಮ ಆಲೂಗಡ್ಡೇಲಿ ನೀರು ಜಾಸ್ತಿ ಇತ್ತು ಅಷ್ಟೇ. ನಂಗೆ ಬಂದಿರೋ ಮುಕ್ಕಾಲು ಪಾಲು ದೂರಿಗೂ ಕಾರಣ ಇದೊಂದೇ, ಆದ್ರಿಂದ ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಆಲೂಗಡ್ಡೆ ತೂಕದಲ್ಲಿ ಹೆಚ್ಚೂಕಡ್ಮೆ 80 ಭಾಗ ನೀರೇ. ಬೇಯ್ಸೋವಾಗ ಅದು ಇನ್ನಷ್ಟು ಕುಡಿದ್ರೆ ಹಿಟ್ಟು ಅಂಟತ್ತೆ, ಅಂಟ್ತು ಅಂತ ನೀವು ಮೈದಾ ಸುರೀತೀರ, ಮೈದಾ ಸುರಿದ್ಮೇಲೆ ಸೇರ್ಸಕ್ಕೆ ನಾದಲೇಬೇಕು, ನಾದಿದಷ್ಟೂ ಮೈದಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ಎಳೆ ಕಟ್ಟತ್ತೆ, ಎಳೆ ಕಟ್ಟಿದ್ದು ಬೆಂದ್ರೆ ರಬ್ಬರ್. ಚಪಾತಿಗೆ ಬೇಕಾಗಿರೋ ಗುಣ ಇಲ್ಲಿ ಬೇಡವೇ ಬೇಡ. ನ್ಯೊಕ್ಕಿಗೆ ಹಾಕೋ ಮೈದಾ ಅಂದ್ರೆ ಆಲೂಗಡ್ಡೇಲಿ ಉಳಿದಿರೋ ನೀರಿಗೆ ಕಟ್ಟೋ ದಂಡ ಅಂತ ಇಟ್ಕೊಳಿ, ಎಷ್ಟು ಕಮ್ಮಿ ಕಟ್ತೀರೋ ಅಷ್ಟು ಮೆತ್ತಗೆ ಬರತ್ತೆ.

ಈಗ ನೀರು ಕಮ್ಮಿ ಮಾಡೋದು ಹೇಗೆ. ಸಿಪ್ಪೆ ತೆಗೆದು ಹೋಳು ಮಾಡಿ ನೀರಲ್ಲಿ ಬೇಯ್ಸಬೇಡಿ, ಅಲ್ಲೇ ಅರ್ಧ ಆಟ ಸೋತ್ರಿ. ಒಂದೇ ಗಾತ್ರದ ಇಡೀ ಗಡ್ಡೆ ಆರ್ಸ್ಕೊಳಿ, ಸಿಪ್ಪೆ ಸಮೇತ ಬೇಯ್ಸಿ. ಇಟಲಿಯವರು ತಣ್ಣೀರಿಗೆ ಹಾಕಿ ನಿಧಾನಕ್ಕೆ ಕುದಿಸ್ತಾರೆ, ಸಿಪ್ಪೆ ಒಡೀದಿರೋ ಹಾಗೆ ನೋಡ್ಕೋತಾರೆ. ನಮ್ಮನೆಗಳಲ್ಲಿ ಕುಕ್ಕರ್ ಇದ್ಯಲ್ಲ, ಅದು ಇನ್ನೂ ವಾಸಿ: ತಳಕ್ಕೆ ಎರಡು ಲೋಟ ನೀರು, ಮೇಲೆ ಸ್ಟ್ಯಾಂಡು, ಅದರ ಮೇಲೆ ತೂತಿರೋ ತಟ್ಟೇಲಿ ಆಲೂಗಡ್ಡೆ, ನೀರು ತಾಗ್ಲೇಬಾರ್ದು, ಬರೀ ಹಬೆ. ಮಧ್ಯಮ ಗಾತ್ರಕ್ಕೆ ನಾಲ್ಕು ವಿಷಲ್ ಸಾಕಾಗತ್ತೆ, ಪ್ರೆಷರ್ ಇಳಿದ ತಕ್ಷಣ ತೆಗೀರಿ, ಮುಚ್ಚಳದ ಕೆಳಗೆ ಬೆವರ್ತಾ ಕೂರಬಾರ್ದು. ಓವನ್ ಇರೋರು ಕಲ್ಲುಪ್ಪಿನ ಹಾಸಿನ ಮೇಲಿಟ್ಟು 200 ಡಿಗ್ರೀಲಿ ಒಂದು ಗಂಟೆ ಸುಟ್ಟುಬಿಡಿ, ಅದಕ್ಕಿಂತ ಒಣಗಿದ ಆಲೂಗಡ್ಡೆ ಬೇರೆ ಸಿಗಲ್ಲ.

ಬಿಸಿ ಇದ್ದಾಗ್ಲೇ ಬಟ್ಟೇಲಿ ಹಿಡ್ಕೊಂಡು ಸಿಪ್ಪೆ ಸುಲೀರಿ. ಆಮೇಲೆ ಚಕ್ಲಿ ಒರಳು ತಗೊಳಿ, ಹೌದು ಚಕ್ಲಿ ಒರಳೇ, ಸೇವ್ ಒತ್ತೋ ಸಣ್ಣ ತೂತಿನ ಬಿಲ್ಲೆ ಹಾಕಿ ಆಲೂಗಡ್ಡೇನ ಅಗಲವಾದ ತಟ್ಟೆ ಮೇಲೆ ಒತ್ತಿ. ಇಟಲಿಯವರ ಅಡುಗೆಮನೇಲಿ ಇದಕ್ಕೆ ಅಂತಾನೇ ಒತ್ತೋ ಸಾಧನ ಇರತ್ತೆ, ಎರಡೂ ಮಾಡೋ ಕೆಲಸ ಒಂದೇ, ಸುಮ್ನೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ದುಡ್ಡು ಹಾಕ್ಬೇಡಿ. ಮಿಕ್ಸಿ ಮಾತ್ರ ಮುಟ್ಟಬೇಡಿ, ಬ್ಲೇಡ್ ತಗುಲಿದ್ರೆ ಆಲೂಗಡ್ಡೆ ಕಣಗಳೆಲ್ಲ ಒಡೆದು ಪಿಷ್ಟ ಹೊರಗೆ ಬಂದು ಅಂಟಾಗತ್ತೆ, ಅದನ್ನ ಆಮೇಲೆ ದೇವರು ಬಂದ್ರೂ ಸರಿಮಾಡಕ್ಕಾಗಲ್ಲ. ಒತ್ತಿದ್ದನ್ನ ತಟ್ಟೆ ತುಂಬ ಹರಡಿ ಫ್ಯಾನ್ ಕೆಳಗೆ ಐದು ನಿಮಿಷ ಬಿಡಿ. ಹಬೆ ಏಳ್ತಾ ಇದ್ಯಲ್ಲ, ಅದೆಲ್ಲ ನೀವು ಹಾಕದೇ ಉಳಿಸಿದ ಮೈದಾ.

ಮುಟ್ಟಿದ್ರೆ ಬೆಚ್ಚಗಿರ್ಬೇಕು, ಸುಡಬಾರ್ದು, ಆವಾಗ 200 ಗ್ರಾಂ ಮೈದಾ ಮೇಲಿಂದ ಉದುರ್ಸಿ ಅಂಗೈಲಿ ಒತ್ತಿ ಮಡಚಿ ಒತ್ತಿ ಮಡಚಿ ಒಂದು ಮುದ್ದೆ ಮಾಡಿ, ಒಂದೆರಡು ನಿಮಿಷದಲ್ಲಿ ಮುಗೀಬೇಕು. ಉಳಿದ 50 ಗ್ರಾಂ ಮಣೆ ಮೇಲೆ ಉದುರ್ಸಕ್ಕೆ. ಕೈಗೆ ಸ್ವಲ್ಪ ಅಂಟಿದ್ರೂ ಪರ್ವಾಗಿಲ್ಲ, ನಯವಾಗಿ ಹೊಳೀಬೇಕು ಅಂತ ಆಸೆ ಪಡಬೇಡಿ. ಆಮೇಲೆ ಹಿಟ್ಟು ನೆನೀಲಿ ಅಂತ ಮುಚ್ಚಿಟ್ಟು ಸೀರಿಯಲ್ ನೋಡಕ್ಕೆ ಹೋಗೋ ಹಾಗಿಲ್ಲ, ಉಪ್ಪು ನೀರೆಳೆದು ಮತ್ತೆ ಅಂಟಕ್ಕೆ ಶುರುವಾಗತ್ತೆ, ತಕ್ಷಣ ಹೊಸೆದು ತುಂಡು ಮಾಡ್ಬಿಡಿ.

ಪ್ರಶ್ನೆ: ಮೇಡಂ, ನಮ್ಮದು ಹಾಸನ, ಆಲೂಗಡ್ಡೆ ನಮ್ಮ ಹೊಲದ್ದೇ. ಆಗಷ್ಟೇ ಕಿತ್ತ ಫ್ರೆಶ್ ಗಡ್ಡೇಲಿ ಮಾಡಿದ್ರೆ ರುಚಿ ಜಾಸ್ತಿ ಅಲ್ವಾ?
ರೈತರ ಮನೆಯವರು, ಹಾಸನ

ಉತ್ತರ: ಪಲ್ಯಕ್ಕೆ, ಸಾಗುಗೆ ನಿಮ್ಮ ಹೊಸ ಗಡ್ಡೆ ಬಂಗಾರ. ನ್ಯೊಕ್ಕಿಗೆ ಬೇಡ. ಮುಂಗಾರಲ್ಲಿ ಹಾಕಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳೋ ಗಡ್ಡೇಲಿ ಸಿಪ್ಪೆ ತೆಳ್ಳಗೆ, ಒಳಗೆ ನೀರು ಜಾಸ್ತಿ. ಇಟಲೀಲೂ ಅಜ್ಜಿಯಂದ್ರು ನ್ಯೊಕ್ಕಿಗೆ ಹಳೇ ಆಲೂಗಡ್ಡೆ ಹುಡುಕ್ತಾರೆ. ನಿಮ್ಮ ಕಡೆ ಹೆಚ್ಚಾಗಿ ಹಾಕೋ ಕುಫ್ರಿ ಜ್ಯೋತಿ ತಳೀನ ಕತ್ತಲಲ್ಲಿ, ಗಾಳಿ ಆಡೋ ಕಡೆ ಕೆಲವು ವಾರ ಇಟ್ಟು ಆಮೇಲೆ ಮಾಡಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗತ್ತೆ. ಚಿಪ್ಸ್ ಮಾಡೋರಿಗೆ ಅಂತಾನೇ ತಂದಿರೋ ಕುಫ್ರಿ ಚಿಪ್ಸೋನಾ ಥರದ ತಳಿ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರಲ್ಲಿ ನೀರು ಕಮ್ಮಿ, ಪಿಷ್ಟ ಜಾಸ್ತಿ. ಪೇಟೆಯವರು ಅಂಗಡೀಲಿ ತಳಿ ಹೆಸರು ಕೇಳಿದ್ರೆ ಅವನು ನಿಮ್ಮ ಮುಖ ನೋಡ್ತಾನೆ, "ಚಿಪ್ಸ್ ಆಲೂಗಡ್ಡೆ ಕೊಡಪ್ಪ" ಅನ್ನಿ ಸಾಕು.

ಮನೇಲಿ ಪರೀಕ್ಷೆ ಮಾಡಕ್ಕೆ ಒಂದು ಹಳೇ ಉಪಾಯ ಇದೆ: 11 ಕಪ್ ನೀರಿಗೆ 1 ಕಪ್ ಉಪ್ಪು ಕರಗ್ಸಿ ಆಲೂಗಡ್ಡೆ ಬಿಡಿ, ಮುಳುಗಿದ್ದು ಪಿಷ್ಟ ತುಂಬಿರೋ ಗಡ್ಡೆ, ನ್ಯೊಕ್ಕಿಗೆ ಎತ್ತಿಡಿ. ತೇಲಿದ್ದು ಸಾಗುಗೆ. ಇನ್ನೊಂದು, ಫ್ರಿಜ್ಜಲ್ಲಿ ಆಲೂಗಡ್ಡೆ ಇಡೋ ಅಭ್ಯಾಸ ಇದ್ರೆ ಬಿಡಿ. ಥಂಡೀಲಿ ಪಿಷ್ಟ ಸಕ್ಕರೆಯಾಗಿ ಸಿಹಿ ಬಂದ್ಬಿಡತ್ತೆ, ಕೋಲ್ಡ್ ಸ್ಟೋರೇಜ್ ಗಡ್ಡೆ ಕೆಲವು ಸಲ ಸಿಹಿಸಿಹಿ ಅನ್ಸೋದು ಇದಕ್ಕೇ.

ಪ್ರಶ್ನೆ: ನಮಸ್ಕಾರ ಅಕ್ಕಾರ, ನಮ್ಮ ಮನ್ಯಾಗ ಅಜ್ಜಿ ಕಾಲದ್ದು ಗೀರಿರೋ ಕಟಿಗಿ ಮಣಿ ಐತ್ರಿ, ಗವಲಿ, ಪರಡಿ ಅಂತ ಶಾವಗಿ ಥರದ್ದು ಮಾಡಾಕ ತಗೋತಿದ್ರು. ನ್ಯೊಕ್ಕಿ ಫೋಟೋದಾಗ ಗೀರ ನೋಡಿ ಅದ ನೆನಪಾತು. ಅದರ ಮ್ಯಾಲ ಮಾಡಬಹುದೇನ್ರಿ?
ಧಾರವಾಡದ ಓದುಗರು

ಉತ್ತರ: ಮಾಡ್ರಿ ಅಕ್ಕಾರ, ಕೇಳೋದೇನೈತಿ! ಇಟಲಿಯವರ ಹತ್ರನೂ ಗೀರು ಕೊರೆದ ಪುಟ್ಟ ಮರದ ಹಲಗೆ ಇರತ್ತೆ, ಕೆಲಸ ಅದೇ. ನಿಮ್ಮ ಗವಲಿ ಹಿಟ್ಟು ಗಟ್ಟಿ, ಇದು ಮೆತ್ತಗಿರತ್ತೆ, ಹಾಗಾಗಿ ಮಣೆಗೆ ಒಣ ಹಿಟ್ಟು ಚೆನ್ನಾಗಿ ಸವರಿ ಹೆಬ್ಬೆರಳಲ್ಲಿ ಹಗುರಕ್ಕೆ ಒತ್ತಿ ಜಾರಿಸಿ. ಒಂದು ಕಡೆ ಗೀರು ಬೀಳತ್ತೆ, ಇನ್ನೊಂದು ಕಡೆ ಹೆಬ್ಬೆರಳಿನ ಕುಳಿ. ಜನ ಗೀರು ಅಂದ ಅಂದ್ಕೋತಾರೆ, ನನ್ನ ಕೇಳಿದ್ರೆ ಕುಳೀನೇ ಮುಖ್ಯ. ಅದರಿಂದ ನಡು ತೆಳ್ಳಗಾಗಿ ಒಳಗೂ ಹೊರಗೂ ಒಟ್ಟಿಗೆ ಬೇಯತ್ತೆ, ಸಾಸ್ ಹೋಗಿ ಕೂರಕ್ಕೂ ಜಾಗ ಆಗತ್ತೆ. ಮಣೆ ಇಲ್ಲದೋರು ಫೋರ್ಕ್ ಬೆನ್ನು ತಗೊಳಿ, ಅದೂ ಬೇಡ ಅಂದ್ರೆ ಕ್ಯಾರೆಟ್ ತುರಿಯೋ ತುರಿಮಣೆ ಹಿಂಭಾಗ, ಅಲ್ಲೂ ಎಷ್ಟೋ ಮನೇಲಿ ಅದೇ. ಅವಸರ ಇದ್ದಾಗ ಏನೂ ಮಾಡದೆ ಬರೀ ತುಂಡು ಬೇಯ್ಸಿದ್ರೂ ಅದು ನ್ಯೊಕ್ಕೀನೇ.

ಪ್ರಶ್ನೆ: ನಾವು ಮೊಟ್ಟೆ ತಿನ್ನೋದಿಲ್ಲ, ಮನೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಯೂಟ್ಯೂಬಿನಲ್ಲಿ ಎಲ್ಲರೂ ಮೊಟ್ಟೆ ಒಡೀತಾರೆ. ನಮಗೆ ಇದು ಆಗಿಬರೋ ತಿಂಡಿಯಾ?
ಉಡುಪಿಯ ಓದುಗರು

ಉತ್ತರ: ಧಾರಾಳವಾಗಿ. ಮೊಟ್ಟೆ ಹಾಕೋದು ಹಿಟ್ಟು ಬಿಟ್ಕೊಂಡೀತು ಅನ್ನೋ ಭಯಕ್ಕೆ. ಆಲೂಗಡ್ಡೆ ಒಣಗಿದ್ರೆ ಅದು ಬೇಕಾಗಲ್ಲ, ಇಟಲೀಲೇ ಮೊಟ್ಟೆ ಹಾಕೋರು, ಹಾಕದೇ ಇರೋರು ಅಂತ ಎರಡು ಪಕ್ಷ, ಎರಡೂ ಕಡೆಯವರಿಗೆ ತಮ್ಮಜ್ಜೀನೇ ಸರಿ. ಟೊಮೇಟೊ ಸಾಸ್ ಈರುಳ್ಳಿ ಬೆಳ್ಳುಳ್ಳಿ ಇಲ್ಲದೇನೂ ಆಗತ್ತೆ: ಚೆನ್ನಾಗಿ ಹಣ್ಣಾದ ಟೊಮೇಟೊ ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆದು, ಹಿಸುಕಿ, ಆಲಿವ್ ಎಣ್ಣೆ ಅಥವಾ ಬೆಣ್ಣೇಲಿ ಸಣ್ಣ ಉರೀಲಿ ಅರ್ಧ ಗಂಟೆ ಬಾಡಿಸಿ, ಉಪ್ಪು, ಕೊನೇಲಿ ನಾಲ್ಕು ಬೇಸಿಲ್ ಎಲೆ. ಹುಳಿ ಜಾಸ್ತಿ ಇದ್ರೆ ಚಿಟಿಕೆ ಸಕ್ಕರೆ.

ಆದ್ರೆ ನೀವು ಕೇಳದೇ ಇರೋ ಒಂದು ವಿಷಯ ಹೇಳ್ಲೇಬೇಕು, ಮೊಟ್ಟೆಗಿಂತ ಇದು ದೊಡ್ಡದು. ಮೇಲೆ ತುರಿದು ಹಾಕೋ ಪಾರ್ಮಿಜಾನೊ ರೆಜ್ಜಾನೊ ಚೀಸ್ ಇದ್ಯಲ್ಲ, ಅದಕ್ಕೆ ಹಾಲು ಒಡೆಯಕ್ಕೆ ಬಳಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಆ ಹೆಸರಲ್ಲಿ ಮಾರ್ಬೇಕು ಅಂದ್ರೆ ಅದನ್ನೇ ಹಾಕ್ಬೇಕು ಅಂತ ಅಲ್ಲಿ ನಿಯಮಾನೇ ಇದೆ. ಗ್ರಾನಾ ಪದಾನೊ ಕಥೇನೂ ಅಷ್ಟೇ. ಮೊಟ್ಟೆ ಇಲ್ಲ ಅಂತ ನೆಮ್ಮದಿಯಾಗಿ ತಿಂದು, ಆಮೇಲೆ ಗೊತ್ತಾಗಿ ಬೇಜಾರು ಮಾಡ್ಕೊಂಡೋರು ನಮ್ಮ ಓದುಗರಲ್ಲೇ ಇದಾರೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ, ಮೈಕ್ರೋಬಿಯಲ್ ರೆನೆಟ್ (ಪ್ರಾಣಿಯಿಂದಲ್ಲ, ಸೂಕ್ಷ್ಮಜೀವಿಯಿಂದ ತೆಗೆದದ್ದು) ಅಂತ ಇರೋ ಚೀಸ್ ನಮ್ಮಲ್ಲೇ ತಯಾರಾಗತ್ತೆ, ಅದನ್ನ ತಗೊಳಿ. ಹೋಟೆಲಲ್ಲಿ ತಿನ್ನೋವಾಗ ಯಾವ ಚೀಸ್ ಅಂತ ಒಂದ್ಮಾತು ಕೇಳಿ, ಸಂಕೋಚ ಏನಿಲ್ಲ.

ಪ್ರಶ್ನೆ: ನೀರಿಗೆ ಹಾಕಿದ ನ್ಯೊಕ್ಕಿ ಮೇಲಕ್ಕೆ ಬರ್ಲೇ ಇಲ್ಲ, ಕರಗಿ ಗಂಜಿ ಆಯ್ತು. ಏನ್ ಮಾಡ್ಲಿ?
ದಾವಣಗೆರೆಯ ಕಾಲೇಜ್ ಹುಡುಗ

ಉತ್ತರ: ತಮ್ಮಾ, ಎಲ್ಲಾ ತುಂಡು ಸುರಿಯೋ ಮುಂಚೆ ಒಂದೇ ಒಂದು ಹಾಕಿ ನೋಡ್ಬೇಕು. ಅದು ಗಟ್ಟಿಯಾಗಿ ನಿಂತ್ರೆ ಉಳಿದಿದ್ದನ್ನ ಹೊಸೀಬೇಕು, ಬಿಟ್ಕೊಂಡ್ರೆ ಹಿಟ್ಟಿಗೆ ಇನ್ನೊಂದು ಚಮಚ ಮೈದಾ. ಪಾತ್ರೆ ಅಗಲ ಇರ್ಲಿ, 1 ಲೀಟರ್ ನೀರಿಗೆ 10 ಗ್ರಾಂ ಉಪ್ಪು, ನೀರು ಕೊತಕೊತ ಕುದೀಬಾರ್ದು, ಮೆಲ್ಲಗೆ ಗುಳ್ಳೆ ಬರ್ತಾ ಇದ್ರೆ ಸಾಕು. ಒಂದು ಸಲಕ್ಕೆ ತಳ ಮುಚ್ಚೋವಷ್ಟು ಮಾತ್ರ ಹಾಕು, ಜಾಸ್ತಿ ಹಾಕಿದ್ರೆ ನೀರು ತಣ್ಣಗಾಗಿ ಅವು ತಳದಲ್ಲೇ ನೆಂದು ಕರಗ್ತವೆ. ಹಾಕಿದ ತಕ್ಷಣ ಸೌಟಿನ ಹಿಂಭಾಗದಿಂದ ಒಂದ್ಸಲ ಮೆಲ್ಲಗೆ ತಳ ಬಿಡ್ಸಿದ್ರೆ ಅಂಟ್ಕೊಳಲ್ಲ. ತೇಲಿದ್ಮೇಲೆ ಅರ್ಧ ನಿಮಿಷ ಬಿಟ್ಟು, ಬೋಂಡ ತೆಗೆಯೋ ತೂತಿನ ಸೌಟಲ್ಲಿ ತೆಗಿ. ಅನ್ನ ಬಸಿಯೋ ಹಾಗೆ ಬುಟ್ಟಿಗೆ ಸುರಿದ್ರೆ ಒಂದರ ಮೇಲೊಂದು ಬಿದ್ದು ಅಪ್ಪಚ್ಚಿ. ಮಿಕ್ಕ ಹಿಟ್ಟು ತೀರಾ ಅಂಟಾಗಿದ್ರೆ ಹಟ ಬೇಡ, ಕೊತ್ತಂಬರಿ ಹಸಿಮೆಣಸಿನಕಾಯಿ ಸೇರ್ಸಿ ಟಿಕ್ಕಿ ತಟ್ಟಿ ಹೆಂಚಿಗೆ ಹಾಕು, ರೂಮ್‌ಮೇಟ್ಸ್ ಖುಷಿ ಪಡ್ತಾರೆ.

ಪ್ರಶ್ನೆ: ಮಗ ಬ್ಯೂನಸ್ ಐರಿಸ್‌ನಲ್ಲಿದಾನೆ. ತಿಂಗಳ ಕೊನೇಲಿ ಆಫೀಸಿನವರ ಮನೆಗೆ ಊಟಕ್ಕೆ ಹೋದಾಗ ನ್ಯೊಕ್ಕಿ ಬಡಿಸಿದ್ರಂತೆ, ತಟ್ಟೆ ಕೆಳಗೆ ನೋಟು ಇಟ್ಟಿದ್ರಂತೆ. ಊಟಕ್ಕೆ ದುಡ್ಡು ಕೊಡ್ಬೇಕಾ ಅಂತ ಇವನಿಗೆ ಗಾಬರಿ. ಏನದು?
ಮೈಸೂರಿನ ತಾಯಿ

ಉತ್ತರ: ಗಾಬರಿ ಬೇಡ ಅನ್ನಿ, ಅದು ಶಕುನ. ಇಟಲಿಯಿಂದ ಲಕ್ಷಾಂತರ ಜನ ವಲಸೆ ಹೋಗಿ ನೆಲೆಸಿದ ದೇಶ ಅರ್ಜೆಂಟೀನಾ. ಅಲ್ಲಿ, ಪಕ್ಕದ ಉರುಗ್ವೇಲೂ, ಪ್ರತಿ ತಿಂಗಳು 29ನೇ ತಾರೀಕು ನ್ಯೊಕ್ಕಿ ತಿನ್ನೋ ಸಂಪ್ರದಾಯ. ತಟ್ಟೆ ಕೆಳಗೆ ನೋಟು ಅಥವಾ ನಾಣ್ಯ ಇಟ್ರೆ ಮುಂದಿನ ತಿಂಗಳು ಕೈತುಂಬ ದುಡ್ಡು ಬರತ್ತೆ ಅಂತ ನಂಬಿಕೆ. ಸಂತ ಪಾಂತಲಿಯೋನ್ ಹೆಸರಲ್ಲಿ ಒಂದು ಕಥೇನೂ ಹೇಳ್ತಾರೆ, ಬಡ ರೈತರ ಮನೇಲಿ ಊಟ ಮಾಡಿದ, ಅವರಿಗೆ ಒಳ್ಳೇ ಕಾಲ ಬಂತು ಅಂತ. ಕಥೆ ಪಕ್ಕಕ್ಕಿಟ್ಟು ನೋಡಿದ್ರೆ ಸಂಬಳ ಖಾಲಿಯಾಗಿರೋ ತಾರೀಕು ಅದು, ಮನೇಲಿ ಉಳಿದಿರೋದು ಆಲೂಗಡ್ಡೆ, ಹಿಟ್ಟು, ಇನ್ನೇನು ಮಾಡ್ತಾರೆ. ಅಲ್ಲೇ ಇನ್ನೊಂದು ತಮಾಷೆ ಇದೆ, ಕೆಲಸಕ್ಕೆ ಬರದೆ ತಿಂಗಳ ಕೊನೇಲಿ ಸಂಬಳಕ್ಕೆ ಮಾತ್ರ ಪ್ರತ್ಯಕ್ಷ ಆಗೋ ಸರ್ಕಾರಿ ನೌಕರನಿಗೆ ಆ ದೇಶದಲ್ಲಿ ನ್ಯೊಕ್ಕಿ ಅಂತಾನೇ ಅಡ್ಡಹೆಸರು. ನಮ್ಮೂರಲ್ಲೂ ಉಪಯೋಗಕ್ಕೆ ಬರೋ ಪದ.

ಪ್ರಶ್ನೆ: ಅಕ್ಕಾ ನಾನು ವೆರೋನಾದಲ್ಲಿ ಮಾಸ್ಟರ್ಸ್ ಮಾಡ್ತಿದೀನಿ, ವೆಜ್. ಕಾರ್ನಿವಲ್ (ಈಸ್ಟರ್ ಮುಂಚಿನ ಉಪವಾಸ ಶುರುವಾಗೋ ಮೊದಲಿನ ಹಬ್ಬ) ಟೈಮಲ್ಲಿ ಇಲ್ಲಿ ನ್ಯೊಕ್ಕಿ ಹಬ್ಬ ಇದೆ ಅಂತಾರೆ, ಹೋಗ್ಬಹುದಾ? ಆಮೇಲೆ ನಾನು ರೂಮಲ್ಲಿ ಬ್ರೆಡ್ ಜೊತೆ, ಪಲ್ಯದ ಥರ ಬಡಿಸಿದ್ದಕ್ಕೆ ಇಟಾಲಿಯನ್ ಫ್ರೆಂಡ್ಸ್ ನಕ್ಕರು. ಸರಿಯಾಗಿ ಬಡಿಸೋದು ಹೇಗೆ?

ಉತ್ತರ: ಹೋಗು, ಖಂಡಿತ ಹೋಗು, ನಂಗೆ ಹೊಟ್ಟೆಕಿಚ್ಚಾಗ್ತಿದೆ. ಕಾರ್ನಿವಲ್‌ನ ಕೊನೇ ಶುಕ್ರವಾರ ಆ ಊರಿನ ದೊಡ್ಡ ಮೆರವಣಿಗೆ. ಅದರ ಯಜಮಾನ "ಪಪಾ ದೆಲ್ ನ್ಯೊಕೊ", ಬಿಳೀ ಗಡ್ಡ, ಕೈಯಲ್ಲಿ ಆಳುದ್ದದ ಫೋರ್ಕ್, ಅದರ ತುದೀಲಿ ಒಂದು ದೊಡ್ಡ ನ್ಯೊಕ್ಕಿ, ಸಾನ್ ಜೆನೊ ಬಡಾವಣೆಯವರು ಅವನನ್ನ ವೋಟ್ ಹಾಕಿ ಆರಿಸ್ತಾರೆ. 16ನೇ ಶತಮಾನದಲ್ಲಿ ಊರಿಗೆ ಬರ ಬಂದಾಗ ಬಡವರಿಗೆ ಹಿಟ್ಟು ಹಂಚಿದ ನೆನಪು ಅಂತ ಹೇಳ್ಕೋತಾರೆ. ಆಗ ಇಟಲಿ ತಟ್ಟೇಲಿ ಆಲೂಗಡ್ಡೆ ಇನ್ನೂ ಇರ್ಲಿಲ್ಲ, ಅದು ದಕ್ಷಿಣ ಅಮೆರಿಕದಿಂದ ಬಂದು ಜನರ ಊಟವಾಗಕ್ಕೆ ಸುಮಾರು ಕಾಲ ಹಿಡೀತು, ಅಲ್ಲೀವರೆಗೂ ನ್ಯೊಕ್ಕಿ ಅಂದ್ರೆ ಹಿಟ್ಟಿಂದು, ಬ್ರೆಡ್ ಪುಡೀದು. ಈಗ ಎಚ್ಚರಿಕೆ: ಆ ಊರಲ್ಲಿ ನ್ಯೊಕ್ಕಿ ಮೇಲೆ "ಪಸ್ತಿಸಾದ ದೆ ಕಾವಾಲ್" ಹಾಕಿಕೊಡೋ ರೂಢಿ ಇದೆ, ಅದು ವೈನ್‌ನಲ್ಲಿ ಬೇಯಿಸಿದ ಕುದುರೆ ಮಾಂಸ. ಟೊಮೇಟೊದ್ದೇ ಕೊಡಿ ಅಂತ ಕೇಳಿ ತಗೋ.

ಬಡಿಸೋದು. ಅಲ್ಲಿ ನ್ಯೊಕ್ಕಿ ಊಟದ ಮೊದಲನೇ ಸುತ್ತು, ಅದೊಂದೇ ತಟ್ಟೇಲಿರತ್ತೆ, ಮಾಂಸ, ತರಕಾರಿ ಎಲ್ಲ ಅದಾದ್ಮೇಲೆ. ನಂಜ್ಕೊಳೋ ಪದಾರ್ಥ ಅಲ್ಲ, ಅದಕ್ಕೇ ನಕ್ಕಿರ್ತಾರೆ. ಬ್ರೆಡ್ ಬೇಕಾಗೋದು ತಟ್ಟೇಲಿ ಉಳಿದ ಸಾಸ್ ಬಳ್ಕೊಂಡು ತಿನ್ನಕ್ಕೆ. ಒಬ್ಬರಿಗೆ 200 ಗ್ರಾಂ ಚಿಲ್ಲರೆ ಸಾಕು, 1 ಕೆಜಿ ಆಲೂಗಡ್ಡೇಲಿ ಐದು ಜನಕ್ಕೆ ಆಗತ್ತೆ. ಸಾಸ್ ಅಗಲ ಬಾಣಲೇಲಿ ಮೊದಲೇ ಬಿಸಿಯಾಗಿ ಕಾಯ್ತಿರ್ಬೇಕು, ನೀರಿಂದ ತೆಗೆದ ನ್ಯೊಕ್ಕಿ ಸೀದಾ ಅದಕ್ಕೆ, ಜೊತೆಗೆ ಬೇಯ್ಸಿದ ನೀರು ಒಂದು ಸಣ್ಣ ಸೌಟು, ಸೌಟಾಡ್ಸದೆ ಬಾಣಲೆ ಹಿಡಿದು ಕುಲುಕು. ಗುಳಿ ಇರೋ ತಟ್ಟೆ, ತಟ್ಟೇನೂ ಬಿಸಿ ಮಾಡಿಟ್ಕೊ. ಎಲ್ಲರನ್ನೂ ಕೂರಿಸಿ ಆಮೇಲೆ ಬೇಯ್ಸು, ನ್ಯೊಕ್ಕಿ ಯಾರಿಗೂ ಕಾಯಲ್ಲ, ಹತ್ತು ನಿಮಿಷ ಬಿಟ್ರೆ ಅಂಟಿ ಗಂಟಾಗತ್ತೆ. ಸಾಸ್‌ಗಳಲ್ಲಿ ನನ್ನ ಓಟು ಬೆಣ್ಣೆ ಮತ್ತು ಸೇಜ್ ಎಲೆಗೆ: ಬೆಣ್ಣೆ ನೊರೆ ಇಳಿದು ನಸುಗೆಂಪಾಗೋವಾಗ ಎಲೆ ಹಾಕಿದ್ರೆ ಗರಿಗರಿ ಆಗತ್ತೆ, ಅಲ್ಲಿಗೆ ನಿಲ್ಸು, ತುಪ್ಪ ಕಾಯಿಸೋ ಹಾಗೆ ಬಿಡಬೇಡ. ಇಲ್ಲಿರೋರು ಸೇಜ್ ಸಿಗದಿದ್ರೆ ಕರಿಬೇವು ಹಾಕ್ಬಹುದಾ ಅಂತ ಕೇಳ್ತಾರೆ, ಹಾಕಿ, ಚೆನ್ನಾಗೇ ಇರತ್ತೆ, ಅದಕ್ಕೆ ಇಟಾಲಿಯನ್ ಅನ್ನಬೇಡಿ ಅಷ್ಟೇ. ಸೊರೆಂತೊ ಊರಿನವರು ಟೊಮೇಟೊ ಸಾಸ್, ಮೊಜರೆಲ್ಲಾ, ಬೇಸಿಲ್ ಸೇರ್ಸಿ ಮಣ್ಣಿನ ಕುಡಿಕೇಲಿ ಓವನ್‌ಗಿಡ್ತಾರೆ, ಮಕ್ಕಳಿಗೆ ಅದು ಖಾಯಂ ಹಿಡಿಸತ್ತೆ. ಮತ್ತೆ ರೋಮ್ ಕಡೆ ಹೋದ್ರೆ ಗುರುವಾರ ಹೋಗು, ಶುಕ್ರವಾರ ಮಾಂಸ ಬಿಡೋ ದಿನ ಆದ್ರಿಂದ ಹಿಂದಿನ ದಿನ ಹೊಟ್ಟೆ ತುಂಬ ನ್ಯೊಕ್ಕಿ ತಿನ್ನೋದು ಅಲ್ಲಿನ ಹಳೇ ಪದ್ಧತಿ, ಹೋಟೆಲ್‌ಗಳಲ್ಲಿ ಈಗ್ಲೂ ಗುರುವಾರದ ಸ್ಪೆಷಲ್ ಅಂತ ಬೋರ್ಡ್ ಹಾಕ್ತಾರೆ.

ಪ್ರಶ್ನೆ: ನ್ಯೊಕ್ಕಿಗೆ ಹಾಕೋ ಪೆಸ್ಟೊಗೆ (ಇಟಲಿಯವರ ಹಸಿರು ಎಲೆ ಚಟ್ನಿ) ಬೇಸಿಲ್ ಬೇಕಂತೆ, ಇಲ್ಲಿ ಸಿಗಲ್ಲ. ಮನೆ ಮುಂದಿನ ತುಳಸಿ ಹಾಕಿದ್ರೆ?
ಶಿವಮೊಗ್ಗದ ಓದುಗರು

ಉತ್ತರ: ತುಳಸಿ ಬೇಡ, ಲವಂಗದ ಖಾರ ಮುಂದಕ್ಕೆ ಬಂದು ಕಷಾಯದ ವಾಸನೆ ಬರತ್ತೆ, ಅಲ್ದೆ ನಿಮ್ಮತ್ತೆ ಸುಮ್ನಿರ್ತಾರಾ. ನಿಮ್ಮೂರ ಹೂವಿನ ಅಂಗಡೀಲಿ ಕಾಮಕಸ್ತೂರಿ ಕೇಳಿ, ಹಾರದಲ್ಲಿ ಕಟ್ತಾರಲ್ಲ, ಬೀಜ ಶರಬತ್ತಿಗೆ ನೆನೆ ಹಾಕ್ತೀವಲ್ಲ, ಅದೇ ಗಿಡ. ಇಟಲಿಯ ಬೇಸಿಲ್ ಅದೇ ಜಾತಿಗೆ ಸೇರಿದ್ದು. ನಮ್ಮದರ ಘಾಟು ಸ್ವಲ್ಪ ಜಾಸ್ತಿ, ಎಳೇ ಎಲೆ ಮಾತ್ರ ಆರ್ಸಿ, ಹೂ ಬಿಟ್ಟ ಕುಡಿ ಬಿಡಿ. ಹೂವಿಗೆ ಅಂತ ಬೆಳೆದಿದ್ದಕ್ಕೆ ಔಷಧಿ ಹೊಡೆದಿರೋ ಸಾಧ್ಯತೆ ಇರತ್ತೆ, ಒಂದು ಸಲ ತಂದು ಕಡ್ಡಿ ನೀರಲ್ಲಿಟ್ಟು ಬೇರು ಬರ್ಸಿ ಕುಂಡದಲ್ಲಿ ಬೆಳ್ಸ್ಕೊಳೋದು ಕ್ಷೇಮ. ಜಿನೋವಾದವರು ಪೈನ್ ನಟ್ ಹಾಕ್ತಾರೆ, ನಮ್ಮಲ್ಲಿ ಅದರ ರೇಟ್ ಕೇಳಿದ್ರೆ ತಲೆ ತಿರುಗತ್ತೆ, ಗೋಡಂಬಿ ಅಥವಾ ಅಖ್ರೋಟ್ ಸಾಕು. ಕಲ್ಲಲ್ಲಿ ಕುಟ್ಟಿದ್ರೆ ಉತ್ತಮ. ಮಿಕ್ಸಿ ಆದ್ರೆ ಜಾರು ಫ್ರಿಜ್ಜಲ್ಲಿಟ್ಟು, ಬಿಟ್ಟು ಬಿಟ್ಟು ತಿರುಗ್ಸಿ, ಬಿಸಿ ಆದ್ರೆ ಎಲೆ ಕಪ್ಪಾಗತ್ತೆ. ಪೆಸ್ಟೊ ಒಲೆ ಮೇಲಿಡೋ ಹಾಗಿಲ್ಲ, ಬಟ್ಟಲಲ್ಲಿ ಹಾಕಿ ನ್ಯೊಕ್ಕಿ ಬೇಯ್ಸಿದ ಬಿಸಿನೀರು ಎರಡು ಚಮಚ ಬಿಟ್ಟು ಸಡಿಲ ಮಾಡಿ ಅದರಲ್ಲೇ ನ್ಯೊಕ್ಕಿ ಹೊರಳಾಡ್ಸಿ.

ಪ್ರಶ್ನೆ: ಗೋಧಿ ಹಿಟ್ಟಲ್ಲಿ ಮಾಡ್ಬಹುದಾ?
ತುಮಕೂರು

ಉತ್ತರ: ಆಗತ್ತೆ, ಬಣ್ಣ ಕಂದು, ಸ್ವಲ್ಪ ಭಾರ. ಅರ್ಧ ಮೈದಾ ಬೆರೆಸಿದ್ರೆ ವಾಸಿ.

ಪ್ರಶ್ನೆ: ಮೇಡಂ, ನಾನು ಭಾನುವಾರ ಮಾಡಿ ವಾರಕ್ಕೆಲ್ಲ ಇಟ್ಕೋಬೇಕು ಅಂತ ಹಸಿ ನ್ಯೊಕ್ಕಿ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಟ್ಟೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಒಂದೇ ಉಂಡೆ, ಬೂದಿ ಬಣ್ಣ ಬೇರೆ.
ಐಟಿ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಹಸೀದು ಫ್ರಿಜ್ಜಲ್ಲಿ ಉಳಿಯಲ್ಲ, ಫ್ರೀಜರ್‌ನಲ್ಲಿ ಉಳಿಯತ್ತೆ. ತಟ್ಟೆಗೆ ರವೆ ಉದುರ್ಸಿ, ಒಂದಕ್ಕೊಂದು ತಾಗದ ಹಾಗೆ ಜೋಡ್ಸಿ, ಹಾಗೇ ಫ್ರೀಜರ್‌ಗೆ. ಕಲ್ಲಾದ್ಮೇಲೆ ಕವರ್‌ಗೆ ತುಂಬಿ ಗಾಳಿ ತೆಗೆದು ಕಟ್ಟಿ, ಒಂದು ತಿಂಗಳಿಗೆ ಮೋಸ ಇಲ್ಲ. ಬೇಯ್ಸೋವಾಗ ಹೊರಗಿಟ್ಟು ಕರಗ್ಸೋ ಬುದ್ಧಿ ಬೇಡ, ಫ್ರೀಜರಿಂದ ಸೀದಾ ಕುದಿಯೋ ನೀರಿಗೆ, ಸ್ವಲ್ಪ ಸ್ವಲ್ಪವೇ. ಕರೆಂಟ್ ಹೋಗಿ ಬಂದು ಮಾಡೋ ಏರಿಯಾ ಆದ್ರೆ ಈ ಐಡಿಯಾನೇ ಬಿಟ್ಬಿಡಿ.

ಪ್ರಶ್ನೆ: ನಮ್ಮತ್ತೆಗೆ ಆಲೂಗಡ್ಡೆ ವಾಯು, ಮುಟ್ಟಲ್ಲ. ಆದ್ರೆ ನಾವು ಮಾಡಿದ್ದನ್ನ ತಿನ್ಬೇಕು ಅಂತ ಆಸೆ ಅವರಿಗೆ. ಆಲೂಗಡ್ಡೆ ಇಲ್ಲದ ನ್ಯೊಕ್ಕಿ ಇದ್ಯಾ?
ಚಿತ್ರದುರ್ಗದ ಸೊಸೆ

ಉತ್ತರ: ಇದೆ, ಅದೂ ನಮ್ಮ ಕೈಗೆ ಹೇಳಿ ಮಾಡ್ಸಿದ್ದು. ರೋಮ್‌ನವರದ್ದು ರವೆ ನ್ಯೊಕ್ಕಿ. 1 ಲೀಟರ್ ಹಾಲು ಕುದಿಸಿ, ಉಪ್ಪು, ಚೂರು ಜಾಯಿಕಾಯಿ ತುರಿ, 250 ಗ್ರಾಂ ಸಣ್ಣ ರವೆ ಮಳೆ ಸುರಿಸಿದ ಹಾಗೆ ಉದುರಿಸ್ತಾ ಇನ್ನೊಂದು ಕೈಲಿ ತಿರುಗಿಸ್ತಾ ಇರಿ, ಗಂಟಿಲ್ಲದೆ ತಿರುಗ್ಸೋದು ನಿಮಗೆ ನಾನೇನು ಹೇಳ್ಕೊಡ್ಲಿ. ಗಟ್ಟಿಯಾಗಿ ತಳ ಬಿಟ್ಟಾಗ ಇಳಿಸಿ, ಬೆಣ್ಣೆ, ತುರಿದ ಚೀಸ್ ಒಂದೊಂದು ಹಿಡಿ ಬೆರೆಸಿ. ಅವರು ಎರಡು ಮೊಟ್ಟೆ ಹಳದೀನೂ ಹಾಕ್ತಾರೆ, ಬೇಡದೋರು ಬಿಡಿ. ಬೆಣ್ಣೆ ಸವರಿದ ತಟ್ಟೇಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಪೂರ್ತಿ ಆರಿದ್ಮೇಲೆ ಸಣ್ಣ ಲೋಟದ ಬಾಯಿಂದ ಬಿಲ್ಲೆ ಕತ್ತರ್ಸಿ, ಒಂದರ ಮೇಲೊಂದು ಸ್ವಲ್ಪ ಓರೆಯಾಗಿ ಜೋಡ್ಸಿ, ಮೇಲೆ ಮತ್ತೆ ಬೆಣ್ಣೆ ಚೀಸ್ ಹಾಕಿ 200 ಡಿಗ್ರೀಲಿ ಇಪ್ಪತ್ತು ನಿಮಿಷ, ಮೇಲೆ ಕೆಂಪಗಾಗೋವರೆಗೆ. ಓವನ್ ಇಲ್ದಿದ್ರೆ ದಪ್ಪ ತಳದ ಹೆಂಚಲ್ಲಿ ಬೆಣ್ಣೆ ಹಾಕಿ ಎರಡೂ ಕಡೆ ಕೆಂಪಗೆ ಸುಡಿ. ಇದನ್ನ ನೀರಲ್ಲಿ ಬೇಯ್ಸೋ ಹಾಗಿಲ್ಲ, ಹೊಸಿಯೋದೂ ಇಲ್ಲ. ಅತ್ತೆ ಇದನ್ನ ಖಾರದ ಹಲ್ವ ಅಂದ್ರೆ ವಾದ ಮಾಡಬೇಡಿ.

ಪ್ರಶ್ನೆ: ಸೂಪರ್ ಮಾರ್ಕೆಟಲ್ಲಿ ಪ್ಯಾಕೆಟ್ ನ್ಯೊಕ್ಕಿ ಸಿಗತ್ತಲ್ಲ, ಇಷ್ಟೆಲ್ಲ ಒದ್ದಾಟ ಯಾಕೆ?
ಮಂಗಳೂರಿನ ಓದುಗರು

ಉತ್ತರ: ಒದ್ದಾಟ ಬೇಡದ ದಿನ ತಗೊಳಿ, ತಪ್ಪೇನಿಲ್ಲ. ಅದರಲ್ಲಿ ಸಾಮಾನ್ಯವಾಗಿ ಆಲೂಗಡ್ಡೆ ಪುಡಿ, ಹಿಟ್ಟು ಜಾಸ್ತಿ, ಹಾಗಾಗಿ ಗಟ್ಟಿ. ನೀರಲ್ಲಿ ಬೇಯ್ಸಿದ್ರೆ ಆ ಗಟ್ಟಿತನ ಎದ್ದು ಕಾಣತ್ತೆ, ಆದ್ರಿಂದ ಬೇಯ್ಸಲೇಬೇಡಿ, ಪ್ಯಾಕೆಟ್ ಕತ್ತರ್ಸಿ ಸೀದಾ ಬಾಣಲೆಗೆ ಹಾಕಿ ಎಣ್ಣೆ, ಬೆಣ್ಣೇಲಿ ಏಳೆಂಟು ನಿಮಿಷ ಅಲ್ಲಾಡಿಸ್ತಾ ಹುರೀರಿ. ಹೊರಗೆ ಗರಿ, ಒಳಗೆ ಮೆತ್ತಗೆ ಬರತ್ತೆ, ಮೇಲೆ ಕಾಳುಮೆಣಸಿನ ಪುಡಿ. ಮನೇಲಿ ಮಾಡಿದ ಮೆತ್ತನೇ ಹಸಿ ನ್ಯೊಕ್ಕೀನ ಮಾತ್ರ ಹೀಗೆ ನೇರವಾಗಿ ಹುರಿಯಕ್ಕೆ ಹೋಗ್ಬೇಡಿ, ಮೊದಲು ಬೇಯ್ಸಿ, ಆರಿಸಿ, ಆಮೇಲೆ ಹುರೀರಿ, ಇಲ್ದಿದ್ರೆ ಬಾಣಲೆಗೇ ಹಿಡ್ಕೊಳತ್ತೆ.